ಗೂಟ ಗಟ್ಟಿ ಇರಲಿ, ಹಗ್ಗ ಉದ್ದ ಇರಲಿ

ಪ್ರಶ್ನೆ: ನಾನು ಒಂದು ಕಂಪನಿಯ ಟ್ರಾವೆಲ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಎರಡು ವರ್ಷ ಆಯಿತು. ಪ್ರತಿ ಪ್ರಯಾಣಕ್ಕೂ ಗಂಟೆ ಗಂಟೆಯ ಪ್ಲಾನ್ ಮಾಡಿ ಕೊಡುತ್ತೇನೆ. ಹೋದ ತಿಂಗಳು ಒಂದೇ ಒಂದು ವಿಮಾನ ರದ್ದಾಗಿದ್ದಕ್ಕೆ ಹೋಟೆಲ್, ಕಾರು, ಮೀಟಿಂಗ್ ಎಲ್ಲವೂ ಒಂದರ ಹಿಂದೆ ಒಂದು ಕೆಟ್ಟವು. ‘ಮೊದಲೇ ಯೋಚನೆ ಮಾಡಬಾರದಿತ್ತಾ?’ ಅಂದರು ನಮ್ಮ ಮ್ಯಾನೇಜರ್. ಒಂದು ದಿನ ಮುಂಚೆ ಕಳಿಸೋಣ ಅಂದರೆ ‘ಸುಮ್ನೆ ದುಡ್ಡು ದಂಡ’ ಅನ್ನುವವರೂ ಅವರೇ. ಅನುಭವ ಇರುವವರು ಇದನ್ನು ಹೇಗೆ ನಿಭಾಯಿಸುತ್ತಾರೆ? ಇದಕ್ಕೆ ಒಳ್ಳೆಯ ಆ್ಯಪ್ ಏನಾದರೂ ಇದೆಯಾ?

ಉತ್ತರ: ನಿಮ್ಮ ಮ್ಯಾನೇಜರ್ ಆಡಿದ ಎರಡು ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದು ನಿಮಗೂ ಗೊತ್ತಿದೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪ್ಲಾನ್ ನೋಡೋಣ.

ಗಂಟೆ ಗಂಟೆಯ ಪ್ಲಾನ್ ಅಂದಿರಿ. ನಾನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. 6.10ಕ್ಕೆ ಕಾರು, 7ಕ್ಕೆ ಚೆಕ್-ಇನ್, 12.40ಕ್ಕೆ ಇಳಿಯೋದು, 1.30ಕ್ಕೆ ಹೋಟೆಲ್. ಬಣ್ಣ ಬಣ್ಣದ ಶೀಟು, ನೋಡೋಕೆ ಚೆಂದ. ಆದರೆ ಅದು ಬರೀ ವೇಳಾಪಟ್ಟಿ. ಎಲ್ಲ ಸರಿಯಾಗಿ ನಡೆದರೆ ಏನಾಗುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ನಡುವೆ ಒಂದು ಕೊಂಡಿ ಕಳಚಿದರೆ ಯಾರು ಏನು ಮಾಡಬೇಕು ಅನ್ನುವುದಕ್ಕೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ.

ಹಸುವನ್ನು ಮೇಯಲು ಬಿಡುವವರು ಗೂಟವನ್ನು ಗಟ್ಟಿಯಾಗಿ ಹೊಡೆಯುತ್ತಾರೆ, ಹಗ್ಗವನ್ನು ಉದ್ದವಾಗಿ ಬಿಡುತ್ತಾರೆ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಊಟದ ಸಮಯ, ಕಾರಿನ ಸಮಯ ನಿಮಿಷಕ್ಕೆ ಸರಿಯಾಗಿ ಬಿಗಿದಿರುತ್ತೇವೆ. ನಿಜವಾಗಿ ಅಲ್ಲಾಡಬಾರದ ವಿಷಯಗಳನ್ನು ‘ಅದೇನು ಬಿಡಿ, ನೋಡಿಕೊಂಡರಾಯಿತು’ ಅಂತ ಬಿಟ್ಟಿರುತ್ತೇವೆ. ಪ್ಲಾನು ಎಷ್ಟು, ಸಡಿಲ ಎಷ್ಟು ಅನ್ನುವುದಕ್ಕಿಂತ ಯಾವುದು ಗೂಟ, ಯಾವುದು ಹಗ್ಗ ಅಂತ ಬೇರೆ ಮಾಡೋದೇ ಈ ಕೆಲಸದ ಅರ್ಧ ಭಾಗ.

ಮೊದಲ ಗೂಟ, ಪ್ರಯಾಣದ ಉದ್ದೇಶ. ಬುಕಿಂಗ್ ಕೋರಿಕೆ ಬಂದ ತಕ್ಷಣ ನಾನು ಕೇಳುವುದು ಒಂದೇ ಪ್ರಶ್ನೆ: ‘ಯಾವುದು ತಪ್ಪಿದರೆ ಈ ಪ್ರಯಾಣವೇ ವ್ಯರ್ಥ?’ ಬುಧವಾರ ಬೆಳಿಗ್ಗೆ 10ಕ್ಕೆ ಒಪ್ಪಂದಕ್ಕೆ ಹಾಕುವ ಸಹಿಯೇ ಮುಖ್ಯ ಅಂದರೆ, ಮಂಗಳವಾರದ ಫ್ಯಾಕ್ಟರಿ ಭೇಟಿ ಬಿದ್ದುಹೋದರೂ ಪರವಾಗಿಲ್ಲ ಅಂತ ಗೊತ್ತಾಗುತ್ತದೆ. ಪೇಚು ಬಂದಾಗ ಏನನ್ನು ಕೈಬಿಡಬೇಕು ಅಂತ ಆಗಲೇ ತೀರ್ಮಾನ ಆಗಿರುತ್ತದೆ. ಇದನ್ನು ಕೇಳದೆ ಟಿಕೆಟ್ ಹಾಕಿದ ಪ್ರಯಾಣಗಳಲ್ಲೇ ನಾನು ಜಾಸ್ತಿ ಬೈಸಿಕೊಂಡಿದ್ದು.

ಎರಡನೆಯದು ಕಾಗದಪತ್ರ. ಹವಾಮಾನ ನಮ್ಮ ಕೈಯಲ್ಲಿಲ್ಲ, ಪಾಸ್‌ಪೋರ್ಟ್ ನಮ್ಮ ಕೈಯಲ್ಲೇ ಇದೆ. ಒಳಗೆ ಬರುವ ದಿನದಿಂದ ಆರು ತಿಂಗಳ ಅವಧಿ ಉಳಿದಿರಬೇಕು ಅಂತ ಕೇಳುವ ದೇಶಗಳು ಬಹಳ ಇವೆ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು) ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ಸಣ್ಣ ಅವಧಿಯ ಭೇಟಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರಬಾರದು. ಪದೇ ಪದೇ ಹೋಗುವ ಮಾರಾಟ ವಿಭಾಗದವರು ಈ 90 ದಿನಗಳ ಲೆಕ್ಕದಲ್ಲಿ ಎಡವುತ್ತಾರೆ. ಇದರಲ್ಲಿ ‘ಅನಿರೀಕ್ಷಿತ’ ಅನ್ನುವಂಥದ್ದು ಏನೂ ಇಲ್ಲ. ನಾವು ನೋಡಿರಲಿಲ್ಲ, ಅಷ್ಟೆ.

ಹಾಗೆಯೇ ತಾರೀಕು. ರಾತ್ರಿ 12.20ಕ್ಕೆ ಹೊರಡುವ ವಿಮಾನಕ್ಕೆ ಟಿಕೆಟ್ ಮೇಲೆ 15 ಅಂತ ಇದ್ದರೆ, ಮನೆ ಬಿಡಬೇಕಾದದ್ದು 14ರ ಸಂಜೆ. ಎಷ್ಟು ಜನ 15ರ ರಾತ್ರಿ ಬ್ಯಾಗ್ ಎಳೆದುಕೊಂಡು ಬಂದು, ವಿಮಾನ ಹಿಂದಿನ ರಾತ್ರಿಯೇ ಹೋಯಿತು ಅಂತ ಕೇಳಿ ಕೌಂಟರ್ ಮುಂದೆ ಪೆಚ್ಚಾಗಿ ನಿಂತಿದ್ದಾರೋ! ನಾನು ಕಳಿಸುವ ಸಂದೇಶದಲ್ಲಿ ಈಗ ವಿಮಾನದ ಸಮಯಕ್ಕಿಂತ ಮೊದಲು ‘14ರ ಗುರುವಾರ ರಾತ್ರಿ 8ಕ್ಕೆ ಮನೆ ಬಿಡಿ’ ಅಂತ ಬರೆಯುತ್ತೇನೆ. ಅಮೆರಿಕ ಗಡಿಯಾರವನ್ನು ಮಾರ್ಚ್‌ನ ಎರಡನೇ ಭಾನುವಾರ ಮುಂದಿಡುತ್ತದೆ, ಯುರೋಪು ಕೊನೆಯ ಭಾನುವಾರ. ನಡುವಿನ ಆ ಎರಡು-ಮೂರು ವಾರ ಎರಡರ ನಡುವಿನ ಅಂತರ ಮಾಮೂಲಿಗಿಂತ ಒಂದು ಗಂಟೆ ಕಡಿಮೆ. ಆ ದಿನಗಳಲ್ಲಿ ಫೋನ್ ಮೀಟಿಂಗ್ ಇಟ್ಟುಕೊಂಡವರನ್ನು ಎರಡು ಸಲ ಎಚ್ಚರಿಸಿ.

ಮೂರನೇ ಗೂಟ, ಪೇಚಿನ ಹೊತ್ತಿನಲ್ಲಿ ತೀರ್ಮಾನ ಮಾಡುವ ಅಧಿಕಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದನ್ನು ಕಲಿಯೋಕೆ ನನಗೆ ಒಂದು ರಾತ್ರಿ ಪೂರ್ತಿ ಬೇಕಾಯಿತು.

26 ಜನರ ತಂಡ, ಒಂದು ಸಮ್ಮೇಳನಕ್ಕೆ ಹೊರಟಿತ್ತು. ದಾರಿಯಲ್ಲಿ ಒಂದು ಕನೆಕ್ಷನ್, ಅಂದರೆ ನಡುವೆ ಇಳಿದು ಬೇರೆ ವಿಮಾನ ಹಿಡಿಯಬೇಕು. ಕೈಯಲ್ಲಿ ಎರಡು ಗಂಟೆ ಸಮಯ ಇತ್ತು, ಸಾಕು ಅಂದುಕೊಂಡಿದ್ದೆ. ಮೊದಲ ವಿಮಾನವೇ ಮಂಜಿನಿಂದ ಎರಡು ಗಂಟೆಗೂ ಹೆಚ್ಚು ತಡವಾಯಿತು. ಇವರು ಇಳಿಯುವಷ್ಟರಲ್ಲಿ ಮುಂದಿನದು ಹಾರಿಹೋಗಿತ್ತು. ರಾತ್ರಿ 11.40. ತಂಡದ ಮುಖಂಡರ ಫೋನಿನಲ್ಲಿ ಬ್ಯಾಟರಿ ಒಂಬತ್ತು ಪರ್ಸೆಂಟ್. 26 ಜನರ ಹೆಸರು, ಟಿಕೆಟ್ ಎಲ್ಲ ಇದ್ದಿದ್ದು ಆ ಒಂದೇ ಫೋನಿನಲ್ಲಿ. ಒಬ್ಬ ಹಿರಿಯರ ಇನ್ಸುಲಿನ್ ಚೆಕ್-ಇನ್ ಮಾಡಿದ ಬ್ಯಾಗಿನಲ್ಲಿ ಹೋಗಿತ್ತು.

ಹವಾಮಾನದಿಂದ ಆದ ತಡ, ರಾತ್ರಿ ವಾಸ್ತವ್ಯ ನಮ್ಮ ಹೊಣೆ ಅಲ್ಲ ಅಂತ ವಿಮಾನದವರು ಕೈಚೆಲ್ಲಿದರು. ಪಕ್ಕದ ಹೋಟೆಲಿನಲ್ಲಿ ರೂಮುಗಳಿವೆ ಅಂತ ನಾನು ಹತ್ತೇ ನಿಮಿಷದಲ್ಲಿ ಪತ್ತೆ ಮಾಡಿದೆ. ಆದರೆ ಅಷ್ಟು ಖರ್ಚಿಗೆ ‘ಆಯಿತು’ ಅನ್ನುವ ಅಧಿಕಾರ ನನಗಿರಲಿಲ್ಲ. ಅಧಿಕಾರ ಇದ್ದವರು ನಿದ್ದೆಯಲ್ಲಿದ್ದರು. ಅವರು ಫೋನ್ ಎತ್ತಿ, ಕಣ್ಣುಜ್ಜಿಕೊಂಡು, ಇನ್ನೊಬ್ಬರನ್ನು ಕೇಳಿ, ಹೂಂ ಅನ್ನುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು. ಅದೇ ವಿಮಾನದ ಉಳಿದ ಪ್ರಯಾಣಿಕರು ರೂಮುಗಳನ್ನು ಹಿಡಿದಾಗಿತ್ತು. ನಮಗೆ ಸಿಕ್ಕಿದ್ದು ನಾಲ್ಕು. ವಯಸ್ಸಾದವರನ್ನು ಅಲ್ಲಿ ಮಲಗಿಸಿದೆವು. ಉಳಿದವರು ಕುರ್ಚಿಗಳ ಮೇಲೆ. ಬ್ಯಾಗ್ ಹುಡುಕಿಸಿ ಇನ್ಸುಲಿನ್ ತೆಗೆಸಿಕೊಡುವಾಗ ಬೆಳಗಿನ ಮೂರು ಗಂಟೆ.

ಬೆಳಿಗ್ಗೆ ಇನ್ನೊಂದು ಫಜೀತಿ. 26 ಸೀಟು ಖಾಲಿ ಇರುವ ವಿಮಾನ ಎಲ್ಲಿಂದ ಬರಬೇಕು? ಎಲ್ಲರೂ ಒಂದೇ ಗ್ರೂಪ್ ಬುಕಿಂಗ್‌ನಲ್ಲಿ ಇದ್ದಿದ್ದರಿಂದ ಅದನ್ನು ಒಡೆದು, ನಾಲ್ಕು ಐದು ಜನರಂತೆ ಬೇರೆ ಬೇರೆ ವಿಮಾನಕ್ಕೆ ಹಾಕಿಸಬೇಕಾಯಿತು. ಯಾರು ಯಾರ ಜೊತೆ? ಗಂಡ ಹೆಂಡತಿಯನ್ನು ಬೇರೆ ಮಾಡಬಹುದಾ? ಮೊದಲ ಭಾಷಣ ಇರುವುದು ಯಾರದ್ದು? ಕೌಂಟರ್ ಮುಂದೆ ನಿಂತುಕೊಂಡು ಇದನ್ನೆಲ್ಲ ಚರ್ಚೆ ಮಾಡಿದೆವು.

ಇದರಲ್ಲಿ ಹವಾಮಾನದ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು ಅಂತ ನಂತರ ಕೂತು ನೋಡಿದೆ. ಮಂಜಿನಿಂದ ಆಗಿದ್ದು ಬರೀ ತಡ. ಆ ರಾತ್ರಿಯ ಉಳಿದ ಎಲ್ಲ ಪಾಡೂ ಮೊದಲೇ ತೀರ್ಮಾನ ಮಾಡದೆ ಬಿಟ್ಟಿದ್ದರಿಂದ ಆಗಿದ್ದು. ಈಗ ನನ್ನ ಬಳಿ ಬರಹದಲ್ಲಿ ಒಂದು ಒಪ್ಪಿಗೆ ಇರುತ್ತದೆ: ರಾತ್ರಿ ಇಷ್ಟು ಗಂಟೆಯ ಮೇಲೆ, ತಲೆಗೆ ಇಷ್ಟು ಮೊತ್ತದವರೆಗೆ, ಯಾರನ್ನೂ ಕೇಳದೆ ಖರ್ಚು ಮಾಡಬಹುದು, ಬೆಳಿಗ್ಗೆ ಲೆಕ್ಕ ಕೊಟ್ಟರೆ ಸಾಕು. ನಿಮ್ಮ ಹತ್ತಿರ ಇದು ಇಲ್ಲದಿದ್ದರೆ ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿಸಿಕೊಳ್ಳಿ. ದೊಡ್ಡ ತಂಡವನ್ನು ಹೊರಡುವ ಮೊದಲೇ ನಾಲ್ಕು ಐದು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬರ ಹತ್ತಿರ ಪೂರ್ತಿ ಪಟ್ಟಿ ಕೊಡಿ. ಯಾವ ಗುಂಪು ಮೊದಲು ತಲುಪಬೇಕು ಅಂತಲೂ ಬರೆದಿಡಿ. ಔಷಧಿ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುವ ಅಪಾಯವೂ ಇದೆ.

ಇನ್ನು ಹಗ್ಗದ ವಿಷಯ. ಸಡಿಲ ಬಿಡುವುದು ಅಂದರೆ ಎಲ್ಲ ಕಡೆ ಒಂದೊಂದು ಗಂಟೆ ಜಾಸ್ತಿ ಸೇರಿಸುವುದಲ್ಲ. ಹಾಗೆ ಮಾಡಿದರೆ ದುಡ್ಡೂ ಹೋಗುತ್ತದೆ, ಬೇಕಾದ ಕಡೆ ಸಮಯವೂ ಸಾಲುವುದಿಲ್ಲ. ಆ ಹೆಚ್ಚಿನ ಸಮಯವನ್ನೆಲ್ಲ ಗೂಟಕ್ಕೆ ಸ್ವಲ್ಪ ಮೊದಲು ಒಂದೇ ಕಡೆ ರಾಶಿ ಹಾಕಿ. ಬುಧವಾರದ ಸಹಿಗೆ ಮಂಗಳವಾರ ಮಧ್ಯಾಹ್ನವೇ ಇಳಿದಿರಲಿ. ವಾಪಸು ಬರುವಾಗ ಬಿಗಿಯಾದ ಕನೆಕ್ಷನ್ ಹಾಕಿದರೂ ನಡೆಯುತ್ತದೆ. ತಪ್ಪಿದರೆ ಮನೆಗೆ ತಡವಾಗಿ ಬರುತ್ತಾರೆ, ಅಷ್ಟೇ ತಾನೇ.

ಕನೆಕ್ಷನ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ರತಿ ವಿಮಾನ ನಿಲ್ದಾಣಕ್ಕೂ ‘ಕನಿಷ್ಠ ಕನೆಕ್ಷನ್ ಸಮಯ’ ಅಂತ ಒಂದು ನಿಗದಿ ಇರುತ್ತದೆ. ಬುಕಿಂಗ್ ವ್ಯವಸ್ಥೆ ಅದರ ಮೇಲೆ ಐದು ನಿಮಿಷ ಇದ್ದರೂ ಟಿಕೆಟ್ ಮಾರುತ್ತದೆ. ಆದರೆ ಕನಿಷ್ಠ ಅಂದರೆ ಎಲ್ಲ ಸರಿಯಾಗಿದ್ದರೆ ಸಾಕಾಗುವಷ್ಟು. ಟರ್ಮಿನಲ್ ಬದಲಿಸಬೇಕಾದರೆ, ಇಮಿಗ್ರೇಷನ್ ಸಾಲು ಇದ್ದರೆ, ಜೊತೆಗೆ ವಯಸ್ಸಾದವರಿದ್ದರೆ ನಾನು ಅದನ್ನು ಎರಡು ಪಟ್ಟು ಮಾಡುತ್ತೇನೆ. ಅದಕ್ಕಿಂತ ಮುಖ್ಯ, ಎರಡೂ ವಿಮಾನ ಒಂದೇ ಟಿಕೆಟ್ ಮೇಲೆ ಇರಬೇಕು. ಹಾಗಿದ್ದರೆ ಕನೆಕ್ಷನ್ ತಪ್ಪಿದಾಗ ಮುಂದಿನದರಲ್ಲಿ ಕೂರಿಸುವ ಹೊಣೆ ವಿಮಾನ ಕಂಪನಿಯದು. ಅಗ್ಗ ಸಿಕ್ಕಿತು ಅಂತ ಬೇರೆ ಬೇರೆ ಟಿಕೆಟ್ ತೆಗೆದರೆ, ಎರಡನೇ ಕಂಪನಿಯ ಲೆಕ್ಕದಲ್ಲಿ ನಿಮ್ಮವರು ‘ನೋ-ಶೋ’, ಅಂದರೆ ಬಾರದೇ ಹೋದವರು. ನೋ-ಶೋ ಆದ ಟಿಕೆಟ್‌ನ ಮುಂದಿನ ಭಾಗಗಳೂ ಸಾಮಾನ್ಯವಾಗಿ ರದ್ದಾಗುತ್ತವೆ, ವಾಪಸು ಬರುವ ಸೀಟೂ ಸೇರಿ. ಇದು ಎಷ್ಟೋ ಜನರಿಗೆ ಗೊತ್ತಾಗುವುದು ವಾಪಸು ಬರುವ ದಿನ.

ಮುಖ್ಯವಾದ ದಿನಕ್ಕೆ ಬೆಳಗಿನ ಮೊದಲ ವಿಮಾನ ಹಿಡಿಸಿ. ವಿಮಾನ ಸಾಮಾನ್ಯವಾಗಿ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ, ದಿನವಿಡೀ ಕೂಡಿಕೊಳ್ಳುವ ತಡ ಅದಕ್ಕಿನ್ನೂ ತಟ್ಟಿರುವುದಿಲ್ಲ. ಒಂದು ವೇಳೆ ಅದೂ ರದ್ದಾದರೆ ಅವತ್ತೇ ಇನ್ನೂ ನಾಲ್ಕಾರು ವಿಮಾನ ಇರುತ್ತವೆ. ಕೊನೆಯ ವಿಮಾನ ರದ್ದಾದರೆ ಮುಂದೆ ಇರುವುದು ಬೆಂಚು ಮಾತ್ರ.

ಇಷ್ಟೆಲ್ಲ ಮಾಡಿದರೂ ಕೆಡುವ ದಿನ ಕೆಡುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿ (ಅದರ ಹೆಸರು ಹೇಳೋಕೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ) ಬೂದಿ ಉಗುಳಿ ಯುರೋಪಿನ ಆಕಾಶ ಹೆಚ್ಚುಕಡಿಮೆ ಆರು ದಿನ ಮುಚ್ಚಿತ್ತು. ರದ್ದಾದ ವಿಮಾನಗಳು ಸುಮಾರು 1 ಲಕ್ಷ. 2025ರ ಮಾರ್ಚ್ 21ರಂದು ಲಂಡನ್ನಿನ ಹೀಥ್ರೂ ನಿಲ್ದಾಣ ಸಂಜೆಯವರೆಗೂ ಮುಚ್ಚಿತ್ತು. ಕಾರಣ, ಹತ್ತಿರದ ಒಂದು ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ. 1,300ಕ್ಕೂ ಹೆಚ್ಚು ವಿಮಾನಗಳಿಗೆ ಅದರ ಬಿಸಿ ತಟ್ಟಿತು. ಉಪಕೇಂದ್ರದ ಬೆಂಕಿಯನ್ನು ಯಾರ ಶೀಟಿನಲ್ಲಿ ಬರೆದಿಡೋಕೆ ಆಗುತ್ತದೆ? ಹಾಗಾಗಿ ನಾನು ಕಾರಣಗಳ ಪಟ್ಟಿ ಮಾಡೋದು ಬಿಟ್ಟಿದ್ದೇನೆ. ಬೂದಿಯಾಗಲಿ, ಬೆಂಕಿಯಾಗಲಿ, ಮುಷ್ಕರವಾಗಲಿ, ನಮ್ಮವರಿಗೆ ಆಗುವುದು ಮೂರರಲ್ಲಿ ಒಂದು: ಹೊರಡೋಕೆ ಆಗಲ್ಲ, ನಡುದಾರಿಯಲ್ಲಿ ಸಿಕ್ಕಿಕೊಂಡರು, ವಾಪಸು ಬರೋಕೆ ಆಗಲ್ಲ. ಈ ಮೂರಕ್ಕೆ ಉತ್ತರ ಇದ್ದರೆ ಸಾಕು.

ಸುದ್ದಿ ಬಂದ ಮೊದಲ ಹದಿನೈದು ನಿಮಿಷ ಟಿಕೆಟ್ ಮುಟ್ಟಬೇಡಿ. ಇದು ಕೈ ತುರಿಸುವ ಹೊತ್ತು. ಆದರೂ ಮೊದಲು ಯಾರು ಎಲ್ಲಿದ್ದಾರೆ ನೋಡಿ. ಮನೆಯಲ್ಲೇ ಇರುವವರು ಹೆಚ್ಚು ಗಲಾಟೆ ಮಾಡುತ್ತಾರೆ, ಅವರು ಕಾಯಬಹುದು. ಕನೆಕ್ಷನ್‌ನಲ್ಲಿ ಸಿಕ್ಕಿಕೊಂಡವರು ಸುಮ್ಮನಿರುತ್ತಾರೆ, ಅವರೇ ಮೊದಲು. ಅವರಿಗೆ ರದ್ದು ಮಾಡಬಹುದಾದ ಒಂದು ರೂಮು ಹಿಡಿದಿಟ್ಟು, ಆಮೇಲೆ ಸೀಟು ಹುಡುಕಿ. ದೊಡ್ಡ ಗೊಂದಲದಲ್ಲಿ ಸೀಟುಗಳು ಮಾರನೇ ದಿನ ಮತ್ತೆ ತೆರೆದುಕೊಳ್ಳುತ್ತವೆ, ರೂಮು ಆ ರಾತ್ರಿ ಹೋದರೆ ಹೋಯಿತು.

ಟಿಕೆಟ್ ಮುಟ್ಟಬೇಡಿ ಅಂದಿದ್ದಕ್ಕೆ ಕಾರಣ ಇದೆ. ಇದು ಹೊಸಬರು ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗ. ಬಿರುಗಾಳಿ ಬರುತ್ತಿದೆ ಅಂತ ನೀವೇ ಮುಂಚಿತವಾಗಿ ರದ್ದು ಮಾಡಿದರೆ ಅದು ನಿಮ್ಮ ಇಷ್ಟದ ರದ್ದು. ಟಿಕೆಟ್‌ನ ಫೇರ್ ರೂಲ್ಸ್ ಪ್ರಕಾರ ದುಡ್ಡು ಮುರಿದುಕೊಳ್ಳುತ್ತಾರೆ. ಅದೇ ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಲೆಕ್ಕವೇ ಬೇರೆ. ಅಮೆರಿಕದಲ್ಲಿ 2024ರಲ್ಲಿ ತಂದ ನಿಯಮದ ಪ್ರಕಾರ, ವಿಮಾನ ರದ್ದಾದರೆ, ಇಲ್ಲವೇ ದೇಶದೊಳಗೆ ಮೂರು ಗಂಟೆ, ಹೊರದೇಶಕ್ಕೆ ಆರು ಗಂಟೆಗಿಂತ ಹೆಚ್ಚು ಏರುಪೇರಾದರೆ, ಬದಲಿ ಬೇಡ ಅಂದ ಪ್ರಯಾಣಿಕರಿಗೆ ಹಣ ಪೂರ್ತಿ ವಾಪಸು ಕೊಡಬೇಕು. ಯುರೋಪಿನಲ್ಲಿ 2004ರ ನಿಯಮ ಇದೆ. ಹವಾಮಾನದಂಥ ಕಾರಣ ಇದ್ದರೆ ಪರಿಹಾರ ಧನ ಸಿಗದಿರಬಹುದು, ಆದರೆ ಊಟ, ವಾಸ್ತವ್ಯ ಕೊಡುವ ಹೊಣೆ ತಪ್ಪುವುದಿಲ್ಲ. ಜ್ವಾಲಾಮುಖಿಯ ಬೂದಿ ಇದ್ದರೂ ಅಷ್ಟೇ ಅಂತ 2013ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದೆ. ‘ಹವಾಮಾನ, ನಮ್ಮ ಹೊಣೆ ಅಲ್ಲ’ ಅನ್ನುವ ಮಾತು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ತಿಳಿದಿದ್ದರೆ ಕೌಂಟರ್‌ನಲ್ಲಿ ನಿಮ್ಮ ದನಿಯೇ ಬೇರೆಯಾಗುತ್ತದೆ. ದೊಡ್ಡ ಗೊಂದಲದ ದಿನಗಳಲ್ಲಿ ಕಂಪನಿಗಳು ‘ವೇವರ್’ ಅಂತ ಹೊರಡಿಸುತ್ತವೆ. ಇಂಥ ತಾರೀಕಿನೊಳಗೆ ಶುಲ್ಕ ಇಲ್ಲದೆ ಬದಲಿಸಿಕೊಳ್ಳಬಹುದು ಅಂತ. ಅದು ಬಂದಿದೆಯಾ ನೋಡಿ, ಆಮೇಲೆ ಬಟನ್ ಒತ್ತಿ.

ಹಾಗಂತ ಕಾಯುತ್ತಲೇ ಕೂರೋದೂ ತಪ್ಪು. ಅದಕ್ಕೆ ನಾನು ಮುಂಚೆಯೇ ಒಂದು ಗಡುವು ಬರೆದಿಡುತ್ತೇನೆ. ‘ಸಂಜೆ 4ರೊಳಗೆ ವಿಮಾನ ಹೊರಡದಿದ್ದರೆ 5.30ರ ರೈಲು.’ ಇದನ್ನು ಹಿಂದಿನ ದಿನ ತಣ್ಣಗಿನ ತಲೆಯಲ್ಲಿ ಬರೆಯಬೇಕು. ಗೇಟಿನ ಮುಂದೆ ನಿಂತವರು ‘ಇನ್ನರ್ಧ ಗಂಟೆ ನೋಡೋಣ’ ಅಂತಲೇ ಹೇಳುತ್ತಾರೆ. ಐದು ಸಲ ಅರ್ಧ ಗಂಟೆ ಆದಮೇಲೆ ರೈಲೂ ಇರುವುದಿಲ್ಲ.

ಸಿಕ್ಕಿಕೊಂಡವರಿಗೆ ಸಂದೇಶ ಕಳಿಸುವಾಗ ಒಂದು ಸಮಯ ಹೇಳಿ. ‘ಇನ್ನೂ ಏನೂ ಗೊತ್ತಾಗಿಲ್ಲ, 6 ಗಂಟೆಗೆ ಮತ್ತೆ ಹೇಳುತ್ತೇನೆ.’ 6ಕ್ಕೆ ಹೊಸದೇನೂ ಇಲ್ಲದಿದ್ದರೂ ಹೇಳಿ. ನೀವು ಹೇಳಿದ ಹೊತ್ತಿಗೆ ಫೋನ್ ಬಂದರೆ ಜನ ತಾವಾಗಿ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಬರದಿದ್ದರೆ ಒಂದೇ ತಲೆಗೆ ಎರಡೆರಡು ಟಿಕೆಟ್ ಬುಕ್ ಆಗಿರುತ್ತದೆ. ಅದನ್ನು ಬಿಡಿಸೋಕೆ ಮತ್ತೆ ಒಂದು ವಾರ.

ಈಗ ನಿಮ್ಮ ಮ್ಯಾನೇಜರ್. ‘ಒಂದು ದಿನ ಮುಂಚೆ ಕಳಿಸೋಣ’ ಅಂತ ನೀವು ಕೇಳಿದ ರೀತಿಯಲ್ಲೇ ತೊಡಕಿದೆ ಅಂತ ನನಗನ್ನಿಸುತ್ತದೆ. ಹಾಗೆ ಕೇಳಿದರೆ ಅವರ ಕಣ್ಣಿಗೆ ಕಾಣುವುದು ಒಂದು ರಾತ್ರಿಯ ಖರ್ಚು ಮಾತ್ರ. ಎರಡು ದಾರಿ ಬರೆದು ಕೊಡಿ. ಮೊದಲನೆಯದು, ಅದೇ ದಿನ ಹೋಗೋದು: ಇಷ್ಟು ಖರ್ಚು, ವಿಮಾನ ಮೂರು ಗಂಟೆ ತಡವಾದರೆ ಮೀಟಿಂಗ್ ತಪ್ಪುತ್ತದೆ. ಎರಡನೆಯದು, ಹಿಂದಿನ ದಿನ: ಇಷ್ಟು ಜಾಸ್ತಿ, ತಡವಾದರೂ ಮೀಟಿಂಗ್ ಸಿಗುತ್ತದೆ. ಕೆಳಗೆ ‘ಯಾವುದು ಆಗಲಿ ತಿಳಿಸಿ’ ಅಂತ ಬರೆದು ಮೇಲ್ ಕಳಿಸಿ. ಎಷ್ಟೋ ಸಲ ಅವರು ಮೊದಲನೆಯದನ್ನೇ ಆರಿಸುತ್ತಾರೆ. ಆರಿಸಲಿ. ಎಲ್ಲ ಮೀಟಿಂಗೂ ಒಂದು ರಾತ್ರಿಯ ಖರ್ಚಿಗೆ ಯೋಗ್ಯ ಅಲ್ಲ, ಅವರ ತೀರ್ಮಾನವೇ ಸರಿ ಇರಬಹುದು. ಆದರೆ ಆ ತೀರ್ಮಾನ ಅವರದು ಅಂತ ಕಾಗದದ ಮೇಲೆ ಇರುತ್ತದೆ. ‘ಮೊದಲೇ ಯೋಚನೆ ಮಾಡಬಾರದಿತ್ತಾ’ ಅನ್ನುವ ಮಾತು ಆಮೇಲೆ ಅಷ್ಟು ಸುಲಭಕ್ಕೆ ಬರಲ್ಲ.

ರಾತ್ರಿ ಖರ್ಚಿನ ಒಪ್ಪಿಗೆ ಕೇಳೋಕೂ ಒಂದು ಆಧಾರ ಬೇಕಾದರೆ, ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 31030 ಅಂತ ಒಂದು ಮಾರ್ಗಸೂಚಿ 2021ರಲ್ಲಿ ಬಂದಿದೆ. ಸಂಸ್ಥೆಗಳು ತಮ್ಮವರ ಪ್ರಯಾಣದ ಅಪಾಯಗಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದರ ಬಗ್ಗೆ. ಮೇಲಿನವರಿಗೆ ನಮ್ಮ ಮಾತಿಗಿಂತ ನಂಬರ್ ಇರುವ ಕಾಗದದ ಮೇಲೆ ಜಾಸ್ತಿ ಗೌರವ, ಅಲ್ವಾ.

ಕೊನೆಗೆ ಆ್ಯಪ್. ವಿಮಾನ ಎಲ್ಲಿದೆ, ಎಷ್ಟು ತಡ ಅಂತ ತೋರಿಸುವ ಯಾವುದಾದರೂ ಒಂದು ಇಟ್ಟುಕೊಳ್ಳಿ. ನಿಮ್ಮ ವಿಮಾನವಾಗಿ ಬರಬೇಕಾದದ್ದು ಹಿಂದಿನ ಊರನ್ನೇ ಬಿಟ್ಟಿಲ್ಲ ಅಂತ ಅದರಲ್ಲಿ ಕಂಡರೆ, ಗೇಟಿನಲ್ಲಿ ಘೋಷಣೆ ಆಗುವ ಎಷ್ಟೋ ಮೊದಲೇ ನೀವು ರೂಮು ಹಿಡಿದಿರುತ್ತೀರಿ. ಇದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷಿಸಬೇಡಿ. 2024ರ ಜುಲೈ 19ರಂದು ಒಂದು ಭದ್ರತಾ ಸಾಫ್ಟ್‌ವೇರ್‌ನ ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ಕೈಕೊಟ್ಟವು. ಎಷ್ಟೋ ನಿಲ್ದಾಣಗಳಲ್ಲಿ ಪರದೆಗಳು ಖಾಲಿ. ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟ ಕಡೆಗಳೂ ಇವೆ. ಅಂಥ ದಿನಕ್ಕೆ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಾಳೆ ಇರುತ್ತದೆ. ಆ ವಾರ ಹೊರಗಿರುವವರ ಹೆಸರು, ಪಿಎನ್‌ಆರ್, ಹೋಟೆಲಿನ ಫೋನ್ ನಂಬರ್, ಮನೆಯವರ ನಂಬರ್. ಪ್ರತಿ ಸೋಮವಾರ ಹೊಸದು ಪ್ರಿಂಟ್ ತೆಗೆದು, ಹಳೆಯದನ್ನು ಹರಿದು ಹಾಕುತ್ತೇನೆ. ಒಂದು ಪ್ರತಿ ಮನೆಗೂ ಒಯ್ಯುತ್ತೇನೆ, ಯಾಕಂದರೆ ಇಂಥ ಫೋನ್ ಬರುವುದು ಆಫೀಸ್ ಹೊತ್ತಿನಲ್ಲಿ ಅಲ್ಲ.